ಅರವತ್ತರ ಮೇಲಿನ ಕುಂಕುಮ

ಮೊದಲೇ ಹೇಳಿಬಿಡುತ್ತೇನೆ, ನನಗೆ ವೇಗದ ಹುಚ್ಚಿಲ್ಲ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಗೇಟಿನ ಒಳಗಿರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆ ಹೊಳೆನರಸೀಪುರದಲ್ಲಿ, ವರ್ಗವಾದದ್ದು ಚನ್ನರಾಯಪಟ್ಟಣದ ಆಚೆಯ ಒಂದು ಹಳ್ಳಿಗೆ. ಎರಡು ಬಸ್ಸು ಹಿಡಿಯಬೇಕು. ಮೊದಲನೆಯದು ತಡವಾದರೆ ಎರಡನೆಯದು ನನಗಾಗಿ ಕಾಯುವುದಿಲ್ಲ. ಸಾಲದ್ದಕ್ಕೆ ಮೊದಲ ಪಿರಿಯಡ್ಡೇ ಹತ್ತನೇ ತರಗತಿ. ಹೆಡ್‌ಮಾಸ್ಟರು ಒಳ್ಳೆಯವರೇ, ಆದರೆ ಅವರಿಗೂ ಸಾಕಾಗಿಹೋಗಿತ್ತು.

"ಮೇಡಂ, ದಿನಾ ಹಿಂಗೇ ಆದ್ರೆ ಹತ್ತನೇ ಕ್ಲಾಸು ನಿಮ್ಮ ಕೈಲಿ ಇಡಕ್ಕಾಗಲ್ಲ. ಸೋಮವಾರದಿಂದ ಒಂದು ದಿನ ಲೇಟಾದ್ರೂ ಗಣಿತದ ಮೇಷ್ಟ್ರಿಗೆ ಕೊಟ್ಬುಡ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಿದ್ದರು. ಹತ್ತನೇ ತರಗತಿ ಕೈಬಿಟ್ಟರೆ ನನಗೆ ಉಳಿಯುವುದೇನು? ಆ ಮಕ್ಕಳನ್ನು ಎಂಟನೇ ತರಗತಿಯಿಂದ ತಿದ್ದಿಕೊಂಡು ಬಂದವಳು ನಾನು.

ಈ ದಿನ ಬಂದೇ ಬರುತ್ತದೆ ಎಂದು ಗೊತ್ತಿದ್ದೇ, ನಲವತ್ತು ದಾಟಿದ ಮೇಲೆ ಕಾರು ಕಲಿತಿದ್ದೆ. ಲೈಸೆನ್ಸೂ ಬಂತು. ನನ್ನ ಸಂಬಳದಲ್ಲೇ ಒಂದು ಹಳೇ ಕಾರೂ ಬಂತು. ಆದರೆ ಕೀ ಮಾತ್ರ ನಮ್ಮೆಜಮಾನರ ಅಂಗಿ ಜೇಬಿನಲ್ಲಿ. ಅವರದು ಪಂಪ್‌ಸೆಟ್ ಮಾರುವ ಅಂಗಡಿ, ಭಾನುವಾರ ರಜೆ. ಭಾನುವಾರ ಭಾನುವಾರ ನನ್ನ ಪಕ್ಕ ಕೂತು ನನ್ನನ್ನು ಪರೀಕ್ಷೆ ಮಾಡುವುದೆಂದು ಅವರೇ ತೀರ್ಮಾನಿಸಿದರು. "ಅರವತ್ತು ದಾಟಬಾರದು ಕಣೆ. ದಾಟದೆ ಓಡಿಸೋದು ಬಂತು ಅಂದ್ರೆ ಕೀ ನಿನ್ನ ಕೈಗೆ. ಆಮೇಲೆ ಒಬ್ಬಳೇ ಹೋಗು, ಬೇಡ ಅನ್ನಲ್ಲ," ಎಂದರು. ಆಯಿತು ಎಂದೆ. ಅರವತ್ತರಲ್ಲಿ ಹೋದರೂ ಪ್ರಾರ್ಥನೆಗೆ ಮೊದಲೇ ತಲುಪಬಹುದಿತ್ತು.

ಆ ವರ್ಷ ಆಯುಧಪೂಜೆಗೆ ನಮ್ಮತ್ತೆ ಕಾರಿಗೆ ಪೂಜೆ ಮಾಡಿದರು. ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ಚೆಂಡುಹೂವಿನ ಹಾರ, ಸ್ಟೇರಿಂಗಿಗೆ ಅರಿಶಿನ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಹಸೀ ಕುಂಕುಮವನ್ನು ಹೆಬ್ಬೆರಳಿನಲ್ಲಿ ತೆಗೆದುಕೊಂಡು ವೇಗ ತೋರಿಸುವ ಮೀಟರಿನ ಗಾಜಿಗೆ ದಪ್ಪಗೆ ಒಂದು ಬೊಟ್ಟಿಟ್ಟರು. ಅದು ಹೋಗಿ ಕೂತದ್ದು ಸರಿಯಾಗಿ ಅರವತ್ತರ ಮೇಲೆ. ಐವತ್ತೈದರಿಂದ ಮುಂದಕ್ಕೆ ಹೋದ ಮುಳ್ಳು ಕುಂಕುಮದ ಹಿಂದೆ ಮಾಯವಾಗಿ, ಅರವತ್ತೈದರ ಹತ್ತಿರ ಮತ್ತೆ ತಲೆ ಹಾಕುತ್ತಿತ್ತು. ನಾನು ಒದ್ದೆ ಬಟ್ಟೆ ತಂದದ್ದು ನೋಡಿ ಅತ್ತೆ ಗಾಬರಿಯಾದರು.

"ಅಯ್ಯಯ್ಯೋ, ಆಯುಧಪೂಜೆ ಕುಂಕುಮ ಒರೆಸ್ತಾರೇನವ್ವಾ? ತಾನಾಗೇ ಉದುರೋಗ್ಲಿ ಬುಡು. ಅಲ್ಲಿಗಂಟ ನಿನ್ನ ಕಾಯ್ತದೆ," ಎಂದರು. ಅವರ ಮನಸ್ಸು ನೋಯಿಸಲು ನನಗೂ ಇಷ್ಟವಿರಲಿಲ್ಲ. ಬಟ್ಟೆ ಒಳಗಿಟ್ಟೆ. ಆ ಕುಂಕುಮವೋ ಅಂಟು ಹಾಕಿ ಕೂರಿಸಿದ ಹಾಗೆ ಕೂತುಬಿಟ್ಟಿತು, ಉದುರುವ ಲಕ್ಷಣವೇ ಇಲ್ಲ.

ಮುಳ್ಳು ಕುಂಕುಮದ ಹಿಂದೆ ಹೋದಾಗ ಅದು ಐವತ್ತೆಂಟೋ ಅರವತ್ತೆರಡೋ ಯಾರಿಗೆ ಗೊತ್ತು? ನಾನು ಐವತ್ತೆಂಟು ಎನ್ನುವುದು, ನಮ್ಮೆಜಮಾನರು ಅರವತ್ತೆರಡು ಎನ್ನುವುದು. ಜಗಳ ಬಗೆಹರಿಯದೆ, ಮುಂದಿನ ಭಾನುವಾರ ಅವರು ಫೋನಿನಲ್ಲಿ ಜಿಪಿಎಸ್ಸಿನ ವೇಗ ತೋರಿಸುವ ಆಪು ಹಾಕಿಕೊಂಡು ಬಂದು ಕೂತರು. "ಇದು ಮೇಲಿಂದ ಬರೋ ಲೆಕ್ಕ ಕಣೆ, ಸ್ಯಾಟಲೈಟಿಂದು. ಸುಳ್ಳು ಹೇಳಲ್ಲ," ಎಂದರು. ಅವತ್ತಿನಿಂದ ಅವರು ರಸ್ತೆ ನೋಡುವುದನ್ನೇ ಬಿಟ್ಟರು. ಕತ್ತು ಬಗ್ಗಿಸಿಕೊಂಡು ಕ್ರಿಕೆಟ್ ಕಾಮೆಂಟರಿಯವರ ಹಾಗೆ ಒಂದೇ ಸಮ ಒದರುವುದು: ನಲವತ್ತೊಂಬತ್ತು, ಐವತ್ತೆರಡು, ಐವತ್ತು!

ಅರಕಲಗೂಡಿಗೆ, ನನ್ನ ತವರಿಗೆ ಹೋಗಿದ್ದ ದಿನ ಹಂಪ್ ಬಂತು. ನಾನು ಬ್ರೇಕು ಒತ್ತಿ, ಮುಳ್ಳು ಇಪ್ಪತ್ತಕ್ಕೂ ಕೆಳಗೆ ಇಳಿದು, ಗಾಡಿ ಮೆಲ್ಲಗೆ ಹಂಪ್ ಹತ್ತುತ್ತಿತ್ತು. ಇವರು, "ಹಂಪ್ ಮೇಲೆ ನಲವತ್ತರಲ್ಲಿ ಹೋಗ್ತಾ ಇದೀಯಲ್ಲೇ! ಸೊಂಟ ಮುರೀಬೇಕು ಅಂತಾನಾ?" ಎಂದು ಕೂಗಿದರು. ಫೋನು ಹಿಂದಿನ ಗಳಿಗೆಯ ಲೆಕ್ಕ ಹೇಳುತ್ತದೆ ಕಣ್ರೀ, ನಾವು ಎಲ್ಲಿದ್ದೆವು, ಎಲ್ಲಿಗೆ ಬಂದೆವು ಎಂದು ಲೆಕ್ಕ ಹಾಕಲು ಅದಕ್ಕೆ ಸ್ವಲ್ಪ ಹೊತ್ತು ಬೇಕು ಎಂದು ವಿವರಿಸಿದೆ. ಶಾಲೆಯ ಹಿಂದಿನ ಬೆಂಚಿನ ಹುಡುಗರಿಗೂ ಇದು ಅರ್ಥವಾಗುತ್ತದೆ. ಇವರು ಮಾತ್ರ, "ನಿನ್ನ ಪಾಠ ಸ್ಕೂಲಲ್ಲಿ ಮಾಡು," ಎಂದರು. ಮೈಯೆಲ್ಲ ಉರಿದುಹೋಯಿತು.

ಆಮೇಲೆ ಶುರುವಾಯಿತು ಹೊಸ ರಾಗ. ಮುಳ್ಳು ಕುಂಕುಮದಿಂದ ಆಚೆ ಬಂದು ಅರವತ್ತೈದು ತೋರಿಸಿದಾಗ ಫೋನು ಅರವತ್ತು ಎನ್ನುತ್ತಿತ್ತು. ಅಂದರೆ ನಾನು ಅವರ ಮಾತು ಮೀರಿಲ್ಲ ಎಂದು ತಾನೆ ಅರ್ಥ? ಇಲ್ಲ. "ಮೀಟರೇ ಸುಳ್ಳು ಹೇಳ್ತದೆ ಅಂದ್ರೆ ಈ ಗಾಡೀಲಿ ನಿನ್ನನ್ನ ಒಬ್ಬಳೇ ಹೆಂಗೆ ಕಳಿಸ್ಲಿ? ಮೊದಲು ರಿಪೇರಿ ಆಗ್ಲಿ," ಎಂದರು. ಶಾಲೆಗೆ ರಜೆಯಿದ್ದ ಒಂದು ದಿನ ಹಾಸನದ ಗ್ಯಾರೇಜಿಗೆ ಹೋದೆವು. ಪ್ರಶ್ನೆ ಕೇಳಿದ್ದು ನಾನು. ಮೆಕಾನಿಕ್ಕು ಉತ್ತರ ಹೇಳಿದ್ದು ಇವರಿಗೆ.

"ಎಲ್ಲಾ ಗಾಡೀಲೂ ಇಂಗೇಯ ಸಾ. ಮುಳ್ಳು ವಸಿ ಜಾಸ್ತಿ ತೋರ್ಸೋ ಅಂಗೇ ಕಂಪ್ನಿಯೋರು ಮಡಗಿರ್ತಾರೆ. ಕಮ್ಮಿ ತೋರ್ಸುದ್ರೆ ತಾನೆ ಡೇಂಜರ್ರು? ಟೈರು ಸವೆದಿದ್ರೆ ಇನ್ನೊಂಚೂರು ಜಾಸ್ತಿ ತೋರ್ಸ್ತದೆ. ರಿಪೇರಿ ಮಾಡೋ ಅಂಥದ್ದೇನೂ ಇಲ್ಲ ಸಾ."

ನಾನೂ ಇದನ್ನೇ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೆ. ಆಗ ತಲೆಗೆ ಹೋಗದ್ದು ಈಗ ಹೋಯಿತು. ಇವರು ದೊಡ್ಡದಾಗಿ ತಲೆಯಾಡಿಸಿ, "ಸರಿ, ಹಂಗಾದ್ರೆ ಫೋನೇ ಫೈನಲ್," ಎಂದರು. ಈ ಭಾನುವಾರ ಚನ್ನರಾಯಪಟ್ಟಣ ದಾಟಿ ಶಾಲೆಯವರೆಗೂ ಹೋಗಿಬರುವುದು, ಫೋನಿನಲ್ಲಿ ಅರವತ್ತು ದಾಟದಿದ್ದರೆ ಸೋಮವಾರದಿಂದ ಕೀ ನನ್ನದು ಎಂದು ಮಾತಾಯಿತು. ಹೆಡ್‌ಮಾಸ್ಟರು ಆ ಎಚ್ಚರಿಕೆ ಕೊಟ್ಟದ್ದೂ ಅದೇ ವಾರ, ಅವರು ಹೇಳಿದ್ದ ಸೋಮವಾರವೂ ಅದೇ.

ಆ ಭಾನುವಾರ ನಾನು ಎಷ್ಟು ಚೆನ್ನಾಗಿ ಓಡಿಸಿದೆನೆಂದರೆ, ಹಿಂದಿನ ಸೀಟಿನಲ್ಲಿದ್ದ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಪಟ್ಟಣ ದಾಟಿ ಅಂಡರ್‌ಪಾಸಿನೊಳಗೆ ಹೋದೆವು. ಅಲ್ಲಿ ಫೋನಿಗೆ ಆಕಾಶ ತಪ್ಪಿತು. ಹೊರಗೆ ಬರುತ್ತಿದ್ದಂತೆ ಅದು ತಬ್ಬಿಬ್ಬಾಗಿ ಏನೋ ಒಂದು ಅಂಕಿ ಎಸೆಯಿತು. ಇವರು ಕಿವಿ ಕಿತ್ತುಹೋಗುವ ಹಾಗೆ, "ನೂರಾ ಹನ್ನೆರಡು! ಬ್ರೇಕ್ ಹಾಕೇ! ಬ್ರೇಕ್!" ಎಂದು ಕಿರುಚಿದರು.

ಮುಳ್ಳು ನಲವತ್ತರಲ್ಲಿತ್ತು. ನನ್ನ ಕಣ್ಣಿಗೆ ಕಾಣುತ್ತಲೇ ಇತ್ತು. ಆದರೆ ಪಕ್ಕದಲ್ಲಿ ಕೂತವರು ಹಾಗೆ ಅರಚಿಕೊಂಡರೆ ಕಾಲು ಕೇಳುತ್ತದೆಯೇ? ಬ್ರೇಕು ಒತ್ತಿಬಿಟ್ಟೆ. ಹಿಂದೆ ತೆಂಗಿನಕಾಯಿ ತುಂಬಿದ್ದ ಲಾರಿ ಕಿರ್ರೆಂದು ಪಕ್ಕಕ್ಕೆ ಎಳೆದುಕೊಂಡು ನಿಂತಿತು. ಅದರ ಡ್ರೈವರು ಕತ್ತು ಹೊರಗೆ ಹಾಕಿ, "ಏನವ್ವಾ, ಮನೇಲಿ ಯೋಳ್ಬುಟ್ ಬಂದಿದ್ದೀಯಾ?" ಎಂದು ಬೈದು ಹೋದ. ಅತ್ತೆ ಎಚ್ಚರವಾಗಿ ಮಂಜುನಾಥಸ್ವಾಮಿಯನ್ನು ಕರೆಯುತ್ತಿದ್ದರು.

"ನೋಡಿದ್ಯಾ? ನಿಂಗೆ ಕಂಟ್ರೋಲ್ ಇಲ್ಲ ಕಣೆ. ಇಳಿ," ಎಂದರು ಇವರು.

"ಕಿರುಚಿದ್ದು ನೀವು ತಾನೆ? ಅದು ಫೋನಿನ ತಪ್ಪು ಅಂತ ನಿಮಗೂ ಗೊತ್ತು."

"ಯಾರ ತಪ್ಪೋ! ಲಾರಿ ಗುದ್ದಿದ್ರೆ ಏನಾಗ್ತಿತ್ತು? ಇಳಿ ಮೊದಲು."

ಶಾಲೆ ಇನ್ನು ಕೂಗಳತೆಯ ದೂರ. ಫೋನನ್ನು ನನ್ನ ಮಡಿಲಿಗೆ ಹಾಕಿ ತಾವು ಸ್ಟೇರಿಂಗು ಹಿಡಿದು ಅಲ್ಲಿಂದಲೇ ಕಾರು ತಿರುಗಿಸಿದರು. ಹೊಳೆನರಸೀಪುರದ ರಸ್ತೆಗೆ ಬಿದ್ದ ಮೇಲೆ ಫೋನಿನ ಅಂಕಿ ಏರುತ್ತಲೇ ಹೋಯಿತು. ನಾನು, "ಎಂಬತ್ತಮೂರು," ಎಂದೆ. ಇನ್ನೂ ಜೋರಾಗಿ, "ರೀ, ಎಂಬತ್ತೇಳು," ಎಂದೆ.

"ಆ ಆಪೇ ಸರಿ ಇಲ್ಲ ಬಿಡು. ಈಗ ತಾನೆ ನೂರಾ ಹನ್ನೆರಡು ತೋರಿಸಿಲ್ವಾ?" ಎಂದರು.

ಫೋನು ಎತ್ತಿ ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಅತ್ತೆ ಹಿಂದಿನಿಂದ ನನ್ನ ಭುಜ ತಟ್ಟಿ, "ಬುಡವ್ವ, ಗಂಡುಸ್ರು ಅಂಗೇಯ," ಎಂದರು. ಅದು ಇನ್ನಷ್ಟು ಉರಿಸಿತು.

ಸೋಮವಾರ ಬೆಳಿಗ್ಗೆ ಕೀ ಕೇಳಿದೆ. "ಒಂದೆರಡು ತಿಂಗಳು ಹೋಗ್ಲಿ, ಆಮೇಲೆ ನೋಡಣ," ಎಂದು ಬೈಕಿನಲ್ಲಿ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ತಂದು ಬಿಟ್ಟರು. ಖಾಸಗಿ ಬಸ್ಸು, ಬಾಗಿಲವರೆಗೂ ಜನ. ಡ್ರೈವರಿನ ಹಿಂದೆಯೇ ಕಂಬಿ ಹಿಡಿದು ನಿಂತೆ. ಬಸ್ಸು ಹೊರಟದ್ದೇ ತಡವಾಗಿ. ಆ ತಡವನ್ನೆಲ್ಲ ತುಂಬಿಕೊಳ್ಳಲು ಡ್ರೈವರು ತಿರುವಿನಲ್ಲೂ ಟ್ರ್ಯಾಕ್ಟರುಗಳನ್ನು ಹಿಂದಕ್ಕೆ ಹಾಕುತ್ತಿದ್ದ. ಬಗ್ಗಿ ಮೀಟರು ನೋಡಿದೆ. ಮುಳ್ಳು ಸೊನ್ನೆಯ ಮೇಲೆ ಒರಗಿ ಮಲಗಿತ್ತು, ಅಲ್ಲಾಡುತ್ತಲೂ ಇರಲಿಲ್ಲ.

ಅಷ್ಟರಲ್ಲಿ ಇವರ ಫೋನು ಬಂತು. "ಸೀಟ್ ಸಿಕ್ತಾ? ನೀನು ಬಸ್ಸಲ್ಲಿದೀಯ ಅಂದ್ರೆ ನಂಗೆ ನೆಮ್ಮದಿ ನೋಡು," ಎಂದರು.

ಅಳು ಬಂತು. ಜನರ ಮಧ್ಯೆ ಅಳುವುದು ಹೇಗೆ? "ಹ್ಞೂಂ," ಎಂದು ಇಟ್ಟೆ. ಚನ್ನರಾಯಪಟ್ಟಣದಲ್ಲಿ ಎರಡನೇ ಬಸ್ಸು ಹೋಗಿಬಿಟ್ಟಿತ್ತು. ಆಟೋ ಹಿಡಿದು ಶಾಲೆಗೆ ಬರುವ ಹೊತ್ತಿಗೆ ಅಂಗಳ ಖಾಲಿ. ಚಪ್ಪಲಿ ಸದ್ದಾಗದ ಹಾಗೆ ಹತ್ತನೇ ತರಗತಿಯ ಬಾಗಿಲವರೆಗೂ ಹೋದೆ. ಒಳಗೆ ಗಣಿತದ ಮೇಷ್ಟ್ರು ನನ್ನ ಪಾಠ ಮಾಡುತ್ತಿದ್ದರು, ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು.