ಬಿಡು ಅನ್ನುವ ಮಾತು

ಸೀಟಕ್ಕನ ನಾಲಿಗೆಯ ತುದಿಯಲ್ಲಿ ಒಂದು ಮಾತು ಸದಾ ಕಾಲು ಚಾಚಿ ಕೂತಿರುತ್ತಿತ್ತು: ಬಿಡು. ದಾರ ತುಂಡಾದರೆ 'ಹೋಗ್ಲಿ ಬಿಡು', ಗಿರಾಕಿ ರೇಗಿದರೆ 'ಅಯ್ಯೋ ಬಿಡಿ ಸಾರ್'. ಗಂಡ ತೀರಿಕೊಂಡಾಗ ಸಮಾಧಾನ ಹೇಳಲು ಬಂದವರಿಗೇ 'ಬಿಡಿ, ನೀವ್ಯಾಕೆ ಅಳ್ತೀರಿ' ಎಂದು ಸಮಾಧಾನ ಹೇಳಿ ಕಳಿಸಿದ್ದಳು. ಹಳೆಯ ಕಾರುಗಳಿಗೆ ಸೀಟು ಹೊಲಿಯುವುದು ಅವಳ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಬೀದಿಗೆಲ್ಲ ಅವಳು ಸೀಟಕ್ಕ. ಹೀಗೆ ಎಲ್ಲದಕ್ಕೂ ಬಿಡು ಬಿಡು ಎನ್ನುತ್ತ ನಗುನಗುತ್ತಲೇ ಬಂದವಳು ಅರವತ್ತು ದಾಟಿದ ಮೇಲೆ ಆ ಮಾತಿಗೇ ಹೆದರಿ ಬದುಕುವಂತಾಯಿತು.

ಅವಳು ಕೆಲಸ ಮಾಡುತ್ತಿದ್ದದ್ದು ಅಣ್ಣನ ಶೆಡ್ಡಿನಲ್ಲಿ. ಇಳಿಜಾರು ಬೀದಿಯ ಮೇಲ್ತುದಿಯಲ್ಲಿ ಶೆಡ್ಡು; ಇಳಿಜಾರು ಮುಗಿಯುವಲ್ಲಿ ಬಸ್ಸು ಲಾರಿಗಳು ಓಡಾಡುವ ದೊಡ್ಡ ರಸ್ತೆ. ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಮತ್ತೆ ಜೀವ ತುಂಬುವುದರಲ್ಲಿ ಅಣ್ಣನದು ಎತ್ತಿದ ಕೈ. ಈಗ ಅವನಿಗೆ ಮರೆವು ಹಿಡಿದಿತ್ತು. ಮೊದಲು ಬೀಗದ ಕೈ ಎಲ್ಲಿಟ್ಟೆ ಎಂಬುದು ಮರೆಯಿತು, ಆಮೇಲೆ ಮನೆಯ ದಾರಿ, ಆಮೇಲೆ ಮಗನ ಹೆಸರು. ಶೆಡ್ಡನ್ನು ಈಗ ಆ ಮಗನೇ ನೋಡಿಕೊಳ್ಳುತ್ತಿದ್ದ. ಆದರೂ ಸೀಟಕ್ಕ ದಿನಾ ಬೆಳಿಗ್ಗೆ ಅಣ್ಣನನ್ನು ಕೈ ಹಿಡಿದು ಕರೆತಂದು, ರಿಪೇರಿಗೆ ಬಂದಿದ್ದ ಹಲ್ಲಿನ ಡಾಕ್ಟರೊಬ್ಬರ ಕೆಂಪು ಕಾರಿನ ಮುಂದೆ ಸ್ಟೂಲು ಹಾಕಿ ಕೂರಿಸುತ್ತಿದ್ದಳು.

ಚಾವಣಿಯಿಲ್ಲದ, ಇಬ್ಬರೇ ಕೂರುವ ಕಾರು ಅದು. ಉದ್ದ ಮೂತಿ, ದುಂಡು ದೀಪಗಳು, ಸೈಕಲ್ಲಿನ ಹಾಗೆ ಕಡ್ಡಿಗಳಿರುವ ಚಕ್ರ, ಮರದ ಸ್ಟೀರಿಂಗ್. ಅದನ್ನು ನೋಡಿದರೆ ಯಾರಿಗಾದರೂ ಒಮ್ಮೆ ಮುಟ್ಟಬೇಕು ಅನ್ನಿಸುತ್ತಿತ್ತು. ಅಣ್ಣ ಅಂಗೈ ತಾಗಿಸದೆ, ಬೆರಳ ಹಿಂಬದಿಯಿಂದ ಬಾನೆಟ್ ಸವರುತ್ತಿದ್ದ. ಅಂಗೈಯಲ್ಲಿ ಬೆವರಿರುತ್ತದೆ, ಬಣ್ಣಕ್ಕೆ ಕಲೆ ಬೀಳುತ್ತದೆ. ಅದೊಂದನ್ನು ಅವನು ಮರೆತಿರಲಿಲ್ಲ.

"ಹೊಟ್ಟೆ ನೆಲಕ್ಕೆ ತಾಗಿಸ್ಕೊಂಡು ಓಡೋ ಗಾಡಿ," ಎನ್ನುತ್ತಿದ್ದ. "ನಮ್ದೂ ಹೀಗೇ ಇತ್ತಲ್ವಾ?"

"ಇತ್ತಣ್ಣ. ನಮ್ದು ಇನ್ನೂ ಕೆಂಪಿತ್ತು."

ಅವರದು ಮರದ ಆಟದ ಕಾರು. ಅಪ್ಪ ಪೆಟ್ಟಿಗೆ ಮಾಡುವ ಬಡಗಿ. ಒಂದು ದಿನ ಬೀದಿಯಲ್ಲಿ ಇಂಥದೇ ಕಾರೊಂದು ಧೂಳೆಬ್ಬಿಸಿ ಹೋದದ್ದನ್ನು ಕಂಡು ಇಬ್ಬರೂ ಊಟ ಮಾಡದೆ ಹಟ ಹಿಡಿದಾಗ, ಅಪ್ಪ ಬೈದುಕೊಂಡೇ ಮರದ ತುಂಡೊಂದನ್ನು ಕೆತ್ತಿ, ದಾರದ ಖಾಲಿ ರೀಲುಗಳನ್ನು ಚಕ್ರ ಮಾಡಿ, ಕೆಂಪು ಬಳಿದು ಕೊಟ್ಟಿದ್ದರು. ಮಂಚದ ಹಲಗೆಯನ್ನು ಮೆಟ್ಟಿಲಿಗೆ ಒರಗಿಸಿದರೆ ಅದೇ ಇಳಿಜಾರು. ಮೇಲೆ ಅಣ್ಣ ಕಾರು ಹಿಡಿದು ಕೂರುತ್ತಿದ್ದ, ಕೆಳಗೆ ಅವಳು ಲಂಗ ಹರಡಿ ಕಾಯುತ್ತಿದ್ದಳು. ಅವಳು 'ಬಿಡೋ' ಎನ್ನಬೇಕು. ಅವನು 'ಹಿಡಿ' ಎಂದು ಕೂಗಿ ಕೈ ತೆರೆಯಬೇಕು. ಅವಳ ಬಾಯಿಂದ ಆ ಮಾತು ಬರುವ ತನಕ ಅವನು ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಒಂದು ಸಲ ಅವಳು ಹಾಗೆಂದವಳೇ ಬೇರೆಲ್ಲೋ ನೋಡಿದಳು. ಕಾರು ಹಾರಿ ಬಂದು ಹುಬ್ಬಿಗೆ ಬಡಿಯಿತು. ಗಾಯದ ಗುರುತು ಈಗಲೂ ಇದೆ. ಅವತ್ತು ಅವಳಿಗಿಂತ ಹೆಚ್ಚು ಅತ್ತವನು ಅಣ್ಣ.

ಆ ಆಟ ಅಣ್ಣನ ತಲೆಯೊಳಗೆ ಮತ್ತೆ ಶುರುವಾಗಿದೆ ಎಂದು ಅವಳಿಗೆ ತಿಳಿದದ್ದು ಒಂದು ಗಾಜಿನ ಲೋಟ ಒಡೆದಾಗ. ಅತ್ತಿಗೆ ಏನೋ ದೂರು ಹೇಳುತ್ತಿದ್ದಳು; ಸೀಟಕ್ಕ ರೂಢಿಯಂತೆ "ಬಿಡಿ ಅತ್ತಿಗೆ" ಎಂದಳು. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಅಣ್ಣ "ಹಿಡಿ" ಎಂದು ಬೆರಳು ಬಿಚ್ಚಿದ. ಲೋಟ ಚೂರುಚೂರಾಯಿತು. ಅವನು ಬೆಚ್ಚಲಿಲ್ಲ. ಕೆಳಗೆ ಯಾರಾದರೂ ಹಿಡಿದುಕೊಂಡರೇ ಎಂದು ಬಗ್ಗಿ ನೋಡಿದ.

ಲೋಟ ಹೋದರೆ ಹೋಯಿತು. ಆದರೆ ಅದಾದ ಕೆಲವೇ ದಿನಕ್ಕೆ, ಮಗ ಇಂಜಿನ್ನಿನೊಳಗೆ ಕೈ ಹಾಕಿದ್ದಾಗ ಅಣ್ಣ ಬಾನೆಟ್ ಎತ್ತಿ ಹಿಡಿದುಕೊಂಡಿದ್ದ. ಬಾಗಿಲಲ್ಲಿ ನಿಂತ ಗಿರಾಕಿಯೊಬ್ಬ ಫೋನಿನಲ್ಲಿ ಯಾರಿಗೋ "ಬಿಡೋ ಮಾರಾಯ" ಎಂದ. ಬಾನೆಟ್ ಧಡಾರನೆ ಬಿತ್ತು. ಮಗನ ಬೆರಳು ಉಳಿದದ್ದು ಕೂದಲೆಳೆಯಲ್ಲಿ. ಅಂದರೆ ಯಾರ ಬಾಯಿಂದ ಬಂದರೂ ಸರಿ, ಬಿಡು, ಬಿಡಿ, ಬಿಡೋ, ಯಾವ ವೇಷದಲ್ಲಿ ಬಂದರೂ ಸರಿ, ಆ ಮಾತು ಬಿದ್ದರೆ ಅಣ್ಣನ ಕೈ ತೆರೆಯುತ್ತದೆ. 

"ನೋಡು, ನಿನ್ನ ಮಾತಿಗೆ ಕಟ್ಟುಬಿದ್ದು ಇಷ್ಟು ದಿನ ಕಳ್ಸಿದೀನಿ," ಎಂದಳು ಅತ್ತಿಗೆ. "ಇನ್ನೊಂದ್ಸಲ ಇಂಥದ್ದೇನಾದ್ರೂ ಆದ್ರೆ ಇವ್ರನ್ನ ಕೋಣೇಲಿ ಕೂರ್ಸಿ ಬೀಗ ಹಾಕ್ತೀನಿ."

ಅತ್ತಿಗೆ ಕೆಟ್ಟವಳಲ್ಲ, ಹೆದರಿದ್ದಳು ಅಷ್ಟೆ. ಆದರೆ ಬೀಗ ಹಾಕಿದ ಕೋಣೆಯಲ್ಲಿ, ಕಾರುಗಳ ಮುಖ ನೋಡದೆ ಅಣ್ಣ ಹೆಚ್ಚು ದಿನ ಬದುಕುವುದಿಲ್ಲ ಎಂದು ಸೀಟಕ್ಕನಿಗೆ ಗೊತ್ತಿತ್ತು. ಅವನಿಲ್ಲದೆ ತಾನೂ ಅಷ್ಟೇ ಎಂಬುದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.

ಅಂದಿನಿಂದ ಅವಳು ನಾಲಿಗೆಗೆ ಕಾವಲು ಕೂತಳು. ಅದೇನು ಸುಲಭವೇ? ಈ ಹಾಳು 'ಬಿಡು' ಇಲ್ಲದೆ ನಮ್ಮಲ್ಲಿ ಒಂದು ಗಂಟೆ ಸಂಸಾರ ನಡೆಯುವುದಿಲ್ಲ. ಸ್ಕೂಲು ಬಿಡುತ್ತದೆ, ಮಳೆ ಬಿಡುತ್ತದೆ, ಗಿಡ ಹೂ ಬಿಡುತ್ತದೆ, ಕೆಲಸವಿಲ್ಲದವರು ಬುರುಡೆ ಬಿಡುತ್ತಾರೆ. ಸೀಟಕ್ಕ 'ಇರ್ಲಿ' ಎನ್ನಲು ಕಲಿತಳು. ಶೆಡ್ಡಿಗೆ ಬಂದವರನ್ನೆಲ್ಲ ಬಾಗಿಲಲ್ಲೇ ತಡೆದು ಪಾಠ ಹೇಳಿದಳು. ಅಣ್ಣನ ಜೊತೆ ತಂಗಿಗೂ ತಲೆ ಕೆಟ್ಟಿತು ಎಂದು ಜನ ಬೆನ್ನ ಹಿಂದೆ ನಕ್ಕರು. ಹಲ್ಲಿನ ಡಾಕ್ಟರು ಎದುರಿಗೇ ನಕ್ಕು, "ಆಯ್ತು ಸೀಟಕ್ಕ, ನನ್ ಬಾಯಿಂದ ಬರಲ್ಲ," ಎಂದಿದ್ದರು.

ಆಮೇಲೊಂದು ದಿನ ಡಾಕ್ಟರಿಗೆ ಬಿಸಿಲಲ್ಲಿ ಕಾರಿನ ಫೋಟೋ ತೆಗೆಯುವ ಆಸೆಯಾಯಿತು. ಗೇರ್ ಬಾಕ್ಸ್ ಇನ್ನೂ ಬೆಂಚಿನ ಮೇಲಿತ್ತು. ಕಾಲಿನ ಬ್ರೇಕಿಗೆ ಎಣ್ಣೆ ಹಾಕಿರಲಿಲ್ಲ. ಹ್ಯಾಂಡ್ ಬ್ರೇಕಿನ ಹಲ್ಲು ಸವೆದು, ಕೈಯಲ್ಲಿ ಎಳೆದು ಹಿಡಿದಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತಿತ್ತು. ಆದರೂ ಅವರ ಒತ್ತಾಯಕ್ಕೆ ಅಣ್ಣನ ಮಗ ಕಾರನ್ನು ಹೊರಗೆ ತಳ್ಳಿ, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಬ್ರೇಕಿನ ಸಾಮಾನು ತರಲು ಅಂಗಡಿಗೆ ಹೋದ. ಸೀಟಕ್ಕ ಒಳಗೆ ಎಡಗಡೆಯ ಸೀಟಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದಳು. ಮಿಷಿನ್ನಿನ ಸದ್ದಿನಲ್ಲಿ ಅವಳಿಗೆ ಬೇರೇನೂ ಕೇಳಲಿಲ್ಲ. ಮಿಷಿನ್ ನಿಲ್ಲಿಸಿ ತಲೆಯೆತ್ತಿದಾಗ ಅಣ್ಣನ ಸ್ಟೂಲು ಖಾಲಿಯಿತ್ತು.

ಅವಳು ಎದ್ದು ಹೊರಗೆ ಬಂದಳು. ಅಣ್ಣ ಸ್ಟೀರಿಂಗಿನ ಹಿಂದೆ ಕೂತಿದ್ದ. ಇಟ್ಟಿಗೆಗಳು ಗೋಡೆಯ ಪಕ್ಕದಲ್ಲಿದ್ದವು. ಡಾಕ್ಟರು ಇಳಿಜಾರಿಗೆ ಬೆನ್ನು ಮಾಡಿ, ಕಾರಿಗೆ ಎದುರಾಗಿ ನಿಂತು ಮೊಬೈಲು ಎತ್ತಿದ್ದರು.

"ಯಜಮಾನ್ರು ಮಾಡಿದ ಗಾಡಿ, ಅವ್ರು ಕೂತ್ರೇನೆ ಲಕ್ಷಣ," ಎಂದರು. "ಇಟ್ಟಿಗೆ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ತೆಗ್ದೆ. ಬ್ರೇಕ್ ಹಿಡ್ಕೊಂಡಿರಿ ಅಂದೆ. ನೋಡಿ, ಹೇಗೆ ಹಿಡ್ಕೊಂಡಿದಾರೆ."

ಅಣ್ಣ ಎರಡೂ ತುಟಿ ಬಿಗಿದು, ಒಳ್ಳೆಯ ಮಗುವಿನ ಹಾಗೆ ಬ್ರೇಕು ಎಳೆದು ಹಿಡಿದಿದ್ದ. ಕಣ್ಣುಗಳು ಇಳಿಜಾರಿನ ಕೆಳಗೆ ಯಾರನ್ನೋ ಹುಡುಕುತ್ತಿದ್ದವು. ಸೀಟಕ್ಕ ಕೂಗಲಿಲ್ಲ. ಮೆಲ್ಲಗೆ ನಡೆದು ಹೋಗಿ ಡಾಕ್ಟರ ತೋಳು ಹಿಡಿದಳು.

"ಈ ಕಡೆ ಬನ್ನಿ ಡಾಕ್ಟ್ರೇ."

"ಒಂದೇ ನಿಮಿಷ ಸೀಟಕ್ಕ."

"ಮಾತಾಡ್ಬೇಡಿ. ಸುಮ್ನೆ ಬನ್ನಿ." ಅವಳು ಜೋರಾಗಿ ಎಳೆದಳು. ಮೊಬೈಲು ಅಲುಗಿತು.

"ಅರೆ, ಕೈ ಬಿಡಿ," ಎಂದರು ಡಾಕ್ಟರು.

ಅಣ್ಣನ ಮುಖ ಅರಳಿತು. "ಹಿಡಿ," ಎಂದು ಕೂಗಿ ಅವನು ಕೈ ತೆರೆದ.

ಕಾರು ಮೊದಲು ನಿಧಾನಕ್ಕೆ ಉರುಳಿತು, ಹಲಗೆಯ ಮೇಲೆ ಮರದ ಕಾರು ಉರುಳುತ್ತಿದ್ದ ಹಾಗೆ. ಸೀಟಕ್ಕ ಡಾಕ್ಟರನ್ನು ಗೋಡೆಯ ಕಡೆಗೆ ನೂಕಿ ಪಕ್ಕಕ್ಕೆ ಸರಿದಳು. "ಹಿಡಿ ಅಣ್ಣ, ಬ್ರೇಕ್ ಹಿಡಿ," ಎಂದು ಚೀರಿದಳು.

ಅಣ್ಣ ನಕ್ಕುಬಿಟ್ಟ. "ಹಿಡಿಯೋಳು ನೀನು," ಎಂದ, ಅವಳ ಕಡೆ ನೋಡದೆ, ಇಳಿಜಾರಿನ ಕೊನೆಯ ಕಡೆ ನೋಡುತ್ತ.

ಅವಳು ಓಡಿದಳು. ಎಡಗಡೆಯ ಬಾಗಿಲು ಸೊಂಟದೆತ್ತರವೂ ಇರಲಿಲ್ಲ. ಅದರ ಮೇಲಿಂದ ತಲೆಕೆಳಗಾಗಿ ಒಳಗೆ ಬಿದ್ದಳು, ತಾನೇ ಹೊಲಿದು ಇನ್ನೂ ಕೂರಿಸಿರದ ಸೀಟಿನ ಖಾಲಿ ಜಾಗಕ್ಕೆ. ಮೊಣಕೈ ಕಬ್ಬಿಣಕ್ಕೆ ಬಡಿಯಿತು. ಎರಡೂ ಕೈಯಲ್ಲಿ ಬ್ರೇಕು ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಎಳೆದಳು. ಕಾರು ಕಿರುಚಿತು, ಅಡ್ಡಕ್ಕೆ ಜಾರಿತು, ನಿಂತಿತು. ಮೂತಿಯ ಮುಂದೆಯೇ ಒಂದು ಬಸ್ಸು ಹಾದುಹೋಯಿತು. ಅದರ ಬಿಸಿ ಗಾಳಿ ಇಬ್ಬರ ಮುಖಕ್ಕೂ ಬಡಿಯಿತು.

ಅಣ್ಣ ತಿರುಗಿ ಅವಳನ್ನು ನೋಡಿದ. ನರೆತ ಕೂದಲು, ಬೆವರಿದ ಮುಖ, ಹುಬ್ಬಿನ ಹಳೆಯ ಗಾಯ. ಯಾವುದೂ ಅವನಿಗೆ ಗುರುತು ಸಿಗಲಿಲ್ಲ.

"ನೀವ್ಯಾರಮ್ಮ? ಕೆಳಗೆ ನನ್ನ ತಂಗಿ ನಿಂತಿದ್ಲು. ಅವಳಿಗೆ ತಾಗ್ತಾ?"

"ಇಲ್ಲ. ತಾಗ್ಲಿಲ್ಲ."

"ಮತ್ತೆ ಎಲ್ಲಿ ಅವಳು?"

ಅವಳು ಕತ್ತು ತಿರುಗಿಸಿ ಹಿಂದೆ ನೋಡಿದಳು. ಮೇಲೆ ಡಾಕ್ಟರು ಇಟ್ಟಿಗೆಗಾಗಿ ಓಡುತ್ತಿದ್ದರು. ಅವರು ಬರುವವರೆಗೆ ಈ ಬ್ರೇಕೇ ಗತಿ. ಸಂಜೆಯೊಳಗೆ ಅತ್ತಿಗೆಗೆ ಸುದ್ದಿ ಮುಟ್ಟುತ್ತದೆ, ಕೋಣೆಗೆ ಬೀಗ ಬೀಳುತ್ತದೆ. ಅದೆಲ್ಲ ಸಂಜೆಯ ಮಾತು. ಈಗ ಅಂಗೈ ಬೆವರಿ ಹಿಡಿ ಜಾರುತ್ತಿತ್ತು, ಬೆರಳುಗಳು ಗಡಗಡ ನಡುಗುತ್ತಿದ್ದವು.

ಅಣ್ಣ ಅದನ್ನು ನೋಡಿದ. ಯಾರಿಗೆ ನೋವಾದರೂ ಅವನಿಗೆ ತಡೆಯುತ್ತಿರಲಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಅವನು ಅವಳ ಕೈಯ ಮೇಲೆ ಕೈಯಿಟ್ಟು, ಎಷ್ಟೋ ಅಕ್ಕರೆಯಿಂದ, ಬೆರಳುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

"ಬಿಡಮ್ಮ," ಎಂದ. "ಕೈ ನೋಯುತ್ತೆ. ಬಿಡು."

ಸೀಟಕ್ಕ ಹಲ್ಲು ಕಚ್ಚಿ ಉಳಿದ ಬೆರಳುಗಳಲ್ಲಿ ಹಿಡಿದುಕೊಂಡಳು. ದೊಡ್ಡ ರಸ್ತೆಯ ತಿರುವಿನಲ್ಲಿ ಮುಂದಿನ ಬಸ್ಸು ಹಾರ್ನ್ ಹಾಕಿತು.