ಎತ್ತರದಲ್ಲಿ ಮಲಗಬೇಕು

ತೊಂಬತ್ತರ ದಶಕದ ನಡುವಿನ ಒಂದು ಕಾರ್ತೀಕ ಮಾಸದಲ್ಲಿ ನಮ್ಮ ಮನೆಯಿಂದ ನಿದ್ದೆ ಎಂಬುದು ಕಾಲ್ತೆಗೆದಿತ್ತು. ಅಪ್ಪನಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಶಿಕಾರಿಪುರದ ಮಾರುಕಟ್ಟೆಯಲ್ಲಿ ಅಂಗಡಿ ಇಟ್ಟು, ಆಯುಷ್ಯವಿಡೀ ಭತ್ತ, ಮೆಣಸಿನಕಾಯಿಯ ಧೂಳು ಕುಡಿದವರು. ರಾತ್ರಿ ಅವರು ಎದ್ದು ಕೂತು ಕೆಮ್ಮಿದಾಗಲೆಲ್ಲ ನಾನು ಬಿಸಿನೀರು ಹಿಡಿದು ನಿಲ್ಲುತ್ತಿದ್ದೆ. ಹಗಲು ಅಂಗಡಿಯಲ್ಲಿ ಮಾಲು ತೂಗುವ ಬದಲು ತೂಕಡಿಸುತ್ತಿದ್ದೆ.

ಡಾಕ್ಟರು ಮಾತ್ರೆ ಬರೆದು, ಬಾಗಿಲಾಚೆಯ ರೋಗಿಗಳ ಸಾಲಿನ ಮೇಲೆ ಕಣ್ಣಿಟ್ಟೇ, "ಸ್ವಲ್ಪ ಎತ್ತರದಲ್ಲಿ ಮಲಗ್ರಿ ಯಜಮಾನ್ರೇ, ಉಸಿರಾಟ ಸಲೀಸಾಗ್ತದೆ" ಎಂದರು.

ರಸ್ತೆಗೆ ಬಂದ ಕೂಡಲೇ ಅಪ್ಪ ಈ ಸೂತ್ರಕ್ಕೆ ಭಾಷ್ಯ ಹೇಳಿದರು. "ಅಂದ್ರೆ ಹವಾ ಬದಲಾವಣೆ. ದೊಡ್ಡೋರು ಊಟಿಗೆ ಹೋಗ್ತಾರೆ. ನಮಗೆ ನಿಮ್ಮತ್ತೆ ಊರಿನ ಶಿಖರ ಐತಲ್ಲ."

ಅತ್ತೆ ಎಂದರೆ ಅಪ್ಪನ ತಂಗಿ. ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಯಿಂದಾಚೆ ಅವಳ ಊರು. ಅಪ್ಪ ಶಿಖರ ಎಂದದ್ದನ್ನು ಆ ಊರಿನವರು ದನ ಮೇಯುವ ಗುಡ್ಡ ಎನ್ನುತ್ತಿದ್ದರು.

"ಅಲ್ಲ ಕಣಣ್ಣಾ, ಅಲ್ಲಿ ಮಲಗಕ್ಕೆ ನಮ್ಮನೆ ಎಮ್ಮೆನೂ ಒಪ್ಪಲ್ಲ" ಎಂದಳು ಅತ್ತೆ, ನಾವು ಅವಳ ಮನೆ ತಲುಪಿ ವಿಷಯ ತಿಳಿಸಿದಾಗ.

"ಎಮ್ಮೆಗೆ ಡಾಕ್ಟ್ರು ಹೇಳಿಲ್ಲ. ಮಾಲು ತಗೊಳ್ಳೋ ಮುಂಚೆ ಸ್ಯಾಂಪಲ್ ನೋಡ್ಬೇಕು. ಇವತ್ತು ಹಗಲು ನಿದ್ದೆ. ಒಗ್ಗಿದ್ರೆ ನಾಳೆಯಿಂದ ರಾತ್ರಿ."

ಚಾಪೆ, ಕಂಬಳಿ, ಫ್ಲಾಸ್ಕು, ಕೊಡೆ ನನ್ನ ಹೆಗಲೇರಿದವು. ಹವೆ ಬದಲಿಸಲು ಇಷ್ಟು ಸಾಮಾನು ಬೇಕೆಂದು ಗೊತ್ತಿರಲಿಲ್ಲ. ಸಿಕ್ಕ ಕಲ್ಲಿನ ಮೇಲೆಲ್ಲ ಅಪ್ಪ ಕೂತರು. ಕಲ್ಲು ಸಿಗದ ಕಡೆ ನನ್ನ ತೋಳಿಗೆ ಜೋತುಬಿದ್ದರು.

ಆ ಶಿಖರದ ಭೂಗೋಳವನ್ನು ಲೋಕಕ್ಕೆ ತಿಳಿಸುವುದು ನನ್ನ ಕರ್ತವ್ಯ. ನೆತ್ತಿಯಲ್ಲಿ ಕೆಲವು ಬಂಡೆ, ಗಾಳಿಗೆ ಬಾಗಿ ಬಾಗಿ ಅದೇ ಅಭ್ಯಾಸವಾದ ಒಂದು ಗಿಡ, ಬೇಕಾದಷ್ಟು ಸಗಣಿ. ಪಡುವಣ ಮಗ್ಗುಲು ಇನ್ನೂ ಪಾಚಿಗಟ್ಟಿ ಒದ್ದೆ. ಮೂಡಣದಲ್ಲಿ ಹುಲ್ಲು ಆಗಲೇ ಒಣಗಿ ಕೆಂಚು. ಒಂದೇ ಗುಡ್ಡಕ್ಕೆ ಎರಡು ಹವಾಮಾನ, ನಡುವೆ ಚಾಪೆ ಹಾಸುವಷ್ಟು ಜಾಗ. ಸೊರಬದ ಕಡೆಗೆ ಕಾಡು, ಶಿಕಾರಿಪುರದ ಕಡೆಗೆ ಬಯಲು. "ಅಗೋ, ಅಂಜನಾಪುರ ಡ್ಯಾಮಿನ ನೀರು" ಎಂದು ಅಪ್ಪ ಬೆರಳು ತೋರಿದರು. ನನಗೆ ಕಂಡದ್ದು ಮಂಜು. ವಾದಕ್ಕೆ ತ್ರಾಣವಿರಲಿಲ್ಲ.

ಗಾಳಿ ಚಾಪೆಯನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. ಮೂಲೆಗಳಿಗೆ ಕಲ್ಲು ಹೇರಿದೆ. ಅಪ್ಪ ಅಂಗಾತ ಮಲಗಿದರು. ಕೂಡಲೇ ಉಸಿರು ಕಟ್ಟಿ ಎದ್ದು ಕೂತರು. ಮುಖ ಬಿಳುಚಿತ್ತು. "ಇಲ್ಲೂ ಆಗ್ಲಿಲ್ಲಲ್ಲೋ" ಎಂದರು, ಸಣ್ಣ ದನಿಯಲ್ಲಿ. ಇದಕ್ಕಿಂತ ಎತ್ತರದ ಜಾಗ ನನಗೂ ಗೊತ್ತಿರಲಿಲ್ಲ.

ಗಾಳಿ ತಪ್ಪಿಸಲೆಂದು ಅವರನ್ನು ಮೂಡಣದ ಇಳಿಜಾರು ಬಂಡೆಯೊಂದಕ್ಕೆ ಒರಗಿಸಿ, ಬೆನ್ನ ಹಿಂದೆ ಕಂಬಳಿ ಮಡಿಸಿಟ್ಟೆ. ಇಳಿಯುವುದು ಹೇಗೆಂದು ಯೋಚಿಸುತ್ತಿದ್ದಾಗ ಗೊರಕೆ ಕೇಳಿಸಿತು. ಎಷ್ಟೋ ದಿನದಿಂದ ಕೇಳದಿದ್ದ ಗೊರಕೆ. ಯಾವ ಸಂಗೀತಗಾರನಿಗೂ ನಾನು ಅಷ್ಟು ಭಕ್ತಿಯಿಂದ ಕಿವಿಗೊಟ್ಟದ್ದಿಲ್ಲ. ಕೇಳುತ್ತ ಕೇಳುತ್ತ ನಾನೂ ಮಲಗಿಬಿಟ್ಟೆ. ಇಬ್ಬರನ್ನೂ ಸಂಜೆಯ ಚಳಿ ಎಬ್ಬಿಸಿತು.

ಮತ್ತೆ ಶಿಕಾರಿಪುರಕ್ಕೆ ಬಂದು, ಶಿಖರದಲ್ಲಿ ಮನೆ ಮಾಡಬಹುದೇ ಎಂದು ಅಪ್ಪ ಕೇಳಿದಾಗ ಡಾಕ್ಟರು ಪೆನ್ನು ಕೆಳಗಿಟ್ಟರು.

"ಗುಡ್ಡಕ್ಕ್ಯಾಕ್ರೀ ಹೋದ್ರಿ? ತಲೆ ಕಡೆ ಎತ್ತರ ಇಟ್ಕೊಂಡು ಮಲಗ್ರಿ ಅಂದಿದ್ದು ನಾನು."

"ಅಲ್ಲೂ ಹಂಗೇ ಮಲಗಿದ್ದು" ಎಂದರು ಅಪ್ಪ, ಸೋಲೊಪ್ಪದೆ.

ಅಂದು ಸಂಜೆ ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು, ಬೆನ್ನಿಗೆ ದಿಂಬು ಪೇರಿಸಿದೆ. ಅಪ್ಪ ಒರಗಿ, ಕೋಣೆಯನ್ನು ಪರಿಶೀಲಿಸಿ, "ಪಡುವಣ ಕಿಟಕಿ ತೆಗಿ, ಶಿಖರದ ಗಾಳಿ ಬರ್ಲಿ" ಎಂದರು. ತೆಗೆದೆ. ಗೊರಕೆ ಶುರುವಾದ ಮೇಲೆ ನಾನು ಕೆಳಗೆ, ಸಮುದ್ರಮಟ್ಟದಲ್ಲಿ, ಚಾಪೆ ಹಾಸಿಕೊಂಡೆ.