ಶನಿವಾರದ ಮುಯ್ಯಾಳು

ಕಾಫಿ ವ್ಯಾಪಾರದಲ್ಲಿ ಮೂಟೆಯ ಬಾಯಿ ನೋಡಿ ರೇಟು ಹೇಳುವವನು ಉದ್ಧಾರವಾಗುವುದಿಲ್ಲ. ಮೇಲೆ ಒಣಗಿದ ಕಾಳಿರುತ್ತದೆ, ನಡುವೆ ಹಸಿ ಇರುತ್ತದೆ, ತಳದಲ್ಲಿ ಕಲ್ಲೂ ಇರಬಹುದು. ಬೆಳೆಗಾರರಿಂದ ಹಣ್ಣು ಹಾಗೇ ಒಣಗಿಸಿದ ಚೆರ್ರಿ, ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕೊಂಡು, ಕಾಳು ಹದ ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಕಳಿಸುವ ಕಸುಬು ನನ್ನದು. ಚೀಲದ ತಳಕ್ಕೆ ತೋಳು ಇಳಿಸಿ ಒಂದು ಹಿಡಿ ತೆಗೆಯದೆ, ಹಲ್ಲಲ್ಲಿ ಕಚ್ಚಿ ನೋಡದೆ, ಮೀಟರಿನಲ್ಲಿ ತೇವ ಅಳೆಯದೆ ಯಾರ ಮಾತನ್ನೂ ನಂಬಿದವನಲ್ಲ. ಮೂಡಿಗೆರೆ ಸಂತೆಯಲ್ಲಿ ಟೊಮೆಟೊ ಕೊಳ್ಳುವಾಗಲೂ ನನ್ನ ಕೈ ಬುಟ್ಟಿಯ ತಳಕ್ಕೇ ಹೋಗುತ್ತದೆ. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ನಾನು ಕಸುಬು ಎನ್ನುತ್ತೇನೆ.

ಇಂಥವನನ್ನು ಅವಳು ಒಂದು ಭಾನುವಾರ ಚಿಕ್ಕಮಗಳೂರಿಗೆ ಎಳೆದುಕೊಂಡು ಹೋದಳು. ಮಕ್ಕಳ ಹಟ, ಹೊಡೆತ, ಕಿರುಚಾಟ ತಡೆಯಲಾಗದೆ ಸೋತ ತಂದೆತಾಯಿಗಳು ತಿಂಗಳಿಗೊಮ್ಮೆ ಒಂದು ಹಾಲ್‌ನಲ್ಲಿ ಕೂತು ಮಾತಾಡಿಕೊಳ್ಳುತ್ತಾರಂತೆ. ಅದನ್ನು ನಡೆಸುವ ಮೇಡಂ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲವಂತೆ. ಚಹಾ, ಬಿಸ್ಕತ್ತೂ ಅವರದೇ ಅಂತೆ. ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು. ಪುಕ್ಕಟೆ ಬಿಸ್ಕತ್ತು ಕೊಡುವವರು ಕೊನೆಗೆ ಇನ್ಶೂರೆನ್ಸ್ ಮಾರುತ್ತಾರೆ, ಇಲ್ಲವೇ ಮೊಣಕಾಲಿನ ಎಣ್ಣೆ ಮಾರುತ್ತಾರೆ. ಮೊದಲ ದಿನ ನಾನು ಬಾಗಿಲ ಪಕ್ಕದ ಕುರ್ಚಿ ಹಿಡಿದು ಕೂತೆ. ಅಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದು ಮೇಡಂ ಭರವಸೆ ಕೊಟ್ಟರು. ಈ ಜಿಲ್ಲೆಯಲ್ಲಿ! ಆಲ್ದೂರಿನಲ್ಲಿ ಸೀನಿದರೆ ಬಾಳೆಹೊನ್ನೂರಿನಲ್ಲಿ ಕಷಾಯ ಕಾಸುವ ಜನ ನಾವು.

ನಮ್ಮ ಮಗನಿಗೆ ಆಗ ಹತ್ತು ವರ್ಷ. ಮಾತು ಕಡಿಮೆ. ಕುಕ್ಕರ್ ಕೂಗಿದರೆ, ಅಂಗಿಯ ಗುಂಡಿ ಕಿತ್ತುಹೋದರೆ, ಕೆಲವೊಮ್ಮೆ ಏನೂ ಆಗದಿದ್ದರೂ ಕಿರುಚಲು ಶುರು ಮಾಡುತ್ತಾನೆ. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ. ತಡೆಯಲು ಹೋದವರ ಕೈ ಕಚ್ಚುತ್ತಾನೆ. ಸೇರಿಸಿದ ಶಾಲೆಗಳೆಲ್ಲ ಮರ್ಯಾದೆಯಿಂದಲೇ ಅವನನ್ನು ವಾಪಸ್ ಕಳಿಸಿದ್ದವು. ಒಳ್ಳೆಯ ಹೊತ್ತಿನಲ್ಲಿ ಗೋದಾಮಿನಲ್ಲಿ ನನ್ನ ಪಕ್ಕ ಕೂತು ಪಾರ್ಚ್‌ಮೆಂಟಿನೊಳಗೆ ಮೊಣಕೈವರೆಗೆ ಕೈ ಹುಗಿದು ನಗುತ್ತಾನೆ. ಆ ನಗುವನ್ನು ನಾನು ಯಾವ ಮೀಟರೂ ಇಲ್ಲದೆ ನಂಬುತ್ತೇನೆ.

ಅವನು ಹುಟ್ಟಿದಂದಿನಿಂದ ನನ್ನ ಹೆಂಡತಿ ಸರಿಯಾಗಿ ನಿದ್ದೆ ಮಾಡಿಲ್ಲ. ಅವನು ಯಾವಾಗ ಎದ್ದು ತಲೆ ಚಚ್ಚಿಕೊಳ್ಳುತ್ತಾನೋ ಎಂದು ಅವನ ಎದೆಯ ಮೇಲೆ ಕೈಯಿಟ್ಟೇ ಮಲಗುತ್ತಾಳೆ. ಆ ವರ್ಷ ಅವಳು ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಸೀರೆಯ ಸೆರಗು ಸುಟ್ಟುಕೊಂಡಳು. ಅದಾದ ಮೇಲೆ ಗುಂಪು ಗಿಂಪು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಮೂರನೆಯ ಸಲವೋ ನಾಲ್ಕನೆಯ ಸಲವೋ ಹೋದಾಗ, ಮೊಮ್ಮಗನನ್ನು ಸಾಕುತ್ತಿದ್ದ ಕಳಸದ ಕಡೆಯ ಅಜ್ಜಿಯೊಬ್ಬರು ಎದ್ದು ನಿಂತರು. ಎಲ್ಲರೂ ತಮ್ಮ ಕಷ್ಟ ಹೇಳಿ ಮೂಗು ಒರೆಸಿಕೊಳ್ಳುವುದು ನೋಡಿ ಅವರಿಗೆ ಸಾಕಾಗಿತ್ತು.

"ಅತ್ಕಂಡು ಕೂತ್ರೆ ಏನ್ ಬಂತು ಮಾರಾಯ್ರೆ? ನಾಟಿಗೆ ಮುಯ್ಯಾಳು ಮಾಡ್ಕಳ್ತಿದ್ವಲ್ಲ, ಹಂಗೆ ಮಾಡ್ಕಳಿ. ಒಂದು ವಾರ ನಿಮ್ ಮಗು ಅವ್ರ ಮನೆಗೆ, ಇನ್ನೊಂದು ವಾರ ಅವ್ರ ಮಗು ನಿಮ್ ಮನೆಗೆ. ಅರ್ಧ ದಿನ ಆದ್ರೂ ಬೆನ್ನು ನೆಲಕ್ಕೆ ತಾಗತ್ತೆ. ಆದ್ರೆ ಒಂದು ಮಾತು. ಮುಯ್ಯಿಗೆ ಬಂದ ಆಳಿನ ಕೆಲ್ಸಕ್ಕೆ ಕೊಂಕು ತೆಗೀಬಾರ್ದು. ತೆಗೆದ್ರೆ ನಾಳೆ ನಿಮ್ ಗದ್ದೆಗೆ ಯಾರೂ ಇಳಿಯಲ್ಲ."

ಮೇಡಂ ಮೊದಲು ಹಿಂದೆಮುಂದೆ ನೋಡಿದರು. ಆಮೇಲೆ ಒಪ್ಪುವವರ ಮನೆಗಳನ್ನು ತಾವೇ ಬಂದು ನೋಡಿ ಹೂಂ ಎಂದರು. ನಮಗೆ ಜೋಡಿಯಾದವರು ಕೊಟ್ಟಿಗೆಹಾರದ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಗಂಡಹೆಂಡತಿ. ಗ್ಯಾರೇಜಿನ ಹಿಂದೆಯೇ ಅವರ ಮನೆ. ಅವರಿಗೆ ಹನ್ನೊಂದು ವರ್ಷದ ಮಗಳು. ನನ್ನ ಅಕ್ಕ ಇದನ್ನು ಕೇಳಿ ಫೋನಿನಲ್ಲಿ, "ಸಾಬರ ಮನೇಲಿ ಮಗು ಬಿಡ್ತೀಯಾ? ಏನ್ ತಿನ್ನಿಸ್ತಾರೋ ಏನೋ," ಎಂದಳು. ನನ್ನ ಅನುಮಾನಕ್ಕೆ ಜಾತಿಯೂ ಇಲ್ಲ, ಧರ್ಮವೂ ಇಲ್ಲ. ಅದು ಎಲ್ಲರ ಮೇಲೂ ಸಮ. ಹಾಗೆಂದು ಅಕ್ಕನಿಗೆ ಹೇಳಿ ಫೋನ್ ಇಟ್ಟೆ.

ಮೊದಲ ಶನಿವಾರ ಅವರ ಮಗಳು ನಮ್ಮ ಮನೆಗೆ ಬಂದಳು. ಬಂದ ಸ್ವಲ್ಪ ಹೊತ್ತಿಗೇ ನನ್ನ ಮಾಯಿಶ್ಚರ್ ಮೀಟರನ್ನು ಬಾವಿಗೆ ಹಾಕಿದಳು. ಸಿಟ್ಟಿಲ್ಲ, ಹಟವಿಲ್ಲ, ತಣ್ಣಗೆ ನಡೆದುಹೋಗಿ, ಕೈ ಬಿಟ್ಟು, ನೀರಿನ ಸದ್ದು ಕೇಳಿ ತಲೆದೂಗಿದಳು. ಪಾತಾಳಗರಡಿ ಇಳಿಸಿ ನಾನು ಬಹಳ ಹೊತ್ತು ಬಾವಿ ಕಲಕಿದೆ. ಬಂದದ್ದು ನಮ್ಮ ಅಮ್ಮನ ಕಾಲದ ಒಂದು ಚೊಂಬು ಮಾತ್ರ. ಮಾರನೆಯ ದಿನವೇ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದೆ. ಆಮೇಲೆ ಅವಳು ಜಾಲರಿಯ ಸಂದಿಯಲ್ಲಿ ತೂರುವಂಥದ್ದನ್ನೆಲ್ಲ ಮನೆಯೆಲ್ಲ ಹುಡುಕಿ ತೂರಿಸತೊಡಗಿದಳು. ಚಮಚಗಳು, ಗೋದಾಮಿನ ಬೀಗದ ಕೈ, ನನ್ನ ಹೆಂಡತಿಯ ಕನ್ನಡಕ. ಹಿಡಿಯಲು ಹೋದರೆ ನೆಲಕ್ಕೆ ಬಿದ್ದು ಕೂಗುತ್ತಿದ್ದಳು.

ಸಂಜೆ ಅವಳ ಅಪ್ಪ ಬಂದು, "ತೊಂದ್ರೆ ಕೊಟ್ಲಾ?" ಎಂದು ಕೇಳಿದರೆ, "ಛೆ ಛೆ, ಚಿನ್ನದಂಥ ಹುಡುಗಿ," ಎಂದು ನಾನೇ ಹೇಳುತ್ತಿದ್ದೆ. ಕೊಂಕು ತೆಗೆಯಬಾರದು ಎಂಬುದು ಒಂದು ಕಾರಣ. ತೆಗೆದರೆ ನಮ್ಮ ಶನಿವಾರ ಹೋಗುತ್ತದೆ ಎಂಬುದು ಇನ್ನೊಂದು. ಮಗ ಅವರ ಮನೆಯಲ್ಲಿರುವ ಆ ಮಧ್ಯಾಹ್ನ ನನ್ನ ಹೆಂಡತಿ ಬಾಗಿಲು ಹಾಕಿಕೊಂಡು ಸತ್ತಂತೆ ಮಲಗುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಓಡಾಡುತ್ತಿದ್ದೆ. ಮೀನಿನ ಗಾಡಿಯವನನ್ನು ಗೇಟಿನಿಂದಲೇ ಸನ್ನೆ ಮಾಡಿ ಓಡಿಸುತ್ತಿದ್ದೆ. ಎದ್ದಾಗ ಅವಳ ಮುಖ ಮದುವೆಯಾದ ಹೊಸತರಲ್ಲಿ ಇದ್ದಂತೆ ಇರುತ್ತಿತ್ತು.

ಅವರ ಮನೆಯಿಂದ ಮಗನನ್ನು ಕರೆತರಲು ಹೋದರೆ ಆ ಹುಡುಗಿಯ ಅಮ್ಮನೂ ಬಾಗಿಲಲ್ಲಿ ಅದನ್ನೇ ಹೇಳುತ್ತಿದ್ದರು. "ಏನೂ ಇಲ್ಲ ಅಣ್ಣ. ಚಿನ್ನದಂಥ ಹುಡ್ಗ."

ನಾನು ಹೇಳಿದರೆ ಸರಿ, ಬೇರೆಯವರು ಹೇಳಿದರೆ ಹೇಗೆ ನಂಬುವುದು? ನನ್ನ ಮಗ ಯಾರ ಮನೆಯಲ್ಲೂ ಚಿನ್ನವಾಗಿದ್ದವನಲ್ಲ. ನಾನು ತಳ ನೋಡಲು ಶುರು ಮಾಡಿದೆ. ಹುಡುಗ ಕಾರು ಹತ್ತಿದ ಕೂಡಲೇ ಮಲಗಿಬಿಡುತ್ತಿದ್ದ. ಬಾಯಿಂದ ಒಂದು ಸಿಹಿ ವಾಸನೆ. ದನಿ ಒಡೆದಿರುತ್ತಿತ್ತು. ಒಮ್ಮೆ ಮಲಗಿದ್ದಾಗ ತುಟಿ ಸರಿಸಿ ನೋಡಿದರೆ ಹಲ್ಲಿನ ಸಂದಿಯಲ್ಲಿ ಕಪ್ಪಗೆ ಏನೋ ಸಿಕ್ಕಿಕೊಂಡಿತ್ತು. ಯಾವುದೋ ನಾಟಿ ಔಷಧಿಯ ಗುಳಿಗೆ! ನಿದ್ದೆ ಬರಿಸಲು ಜೇನಿನಲ್ಲಿ ತೇದು ತಿನ್ನಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಮನೆಯೂ ಬದಲಾಗುತ್ತಿತ್ತು. ಮೊದಲ ಸಲ ಬಾಗಿಲಿನಿಂದ ಕಂಡಾಗ ಹಾಲ್‌ನಲ್ಲಿ ಗಾಜಿನ ಷೋಕೇಸು, ಅದರ ತುಂಬ ಹೂವಿನ ಚಿತ್ರದ ಕಪ್ಪು-ಬಸಿಗಳಿದ್ದವು. ಆಮೇಲೆ ಕಪ್ಪು-ಬಸಿ ಇರಲಿಲ್ಲ. ಆಮೇಲೆ ಷೋಕೇಸೇ ಇರಲಿಲ್ಲ. ಗೋಡೆಯ ಗಡಿಯಾರ ಹೋಯಿತು, ಟಿವಿ ಹೋಯಿತು. ಒಳಬಾಗಿಲಿಗೆ ಹೊಸ ಚಿಲಕ ಬಂತು. ನಮ್ಮ ಮಗ ಬರುವ ದಿನ ಗ್ಯಾರೇಜಿನ ಶಟರ್ ಅರ್ಧ ಇಳಿದಿರುತ್ತಿತ್ತು. ಸೀಸನ್ನಿನಲ್ಲಿ, ಎಸ್ಟೇಟಿನ ಜೀಪುಗಳೆಲ್ಲ ರಿಪೇರಿಗೆ ಸಾಲು ನಿಲ್ಲುವ ಕಾಲದಲ್ಲಿ, ಯಾರಾದರೂ ಶಟರ್ ಇಳಿಸುತ್ತಾರೆಯೇ?

ಹೆಂಡತಿಗೆ ಹೇಳಿದೆ. ಅವಳು ಸಾರಿಗೆ ಹುಳಿ ಕಿವುಚುತ್ತಿದ್ದಳು.

"ನಿಮ್ದು ಯಾವಾಗ್ಲೂ ಇದ್ದಿದ್ದೆ," ಎಂದಳು. "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ."

"ಹಲ್ಲಲ್ಲಿ ಕಪ್ಪು ಇತ್ತು ಮಾರಾಯ್ತಿ."

"ನೇರಳೆ ಹಣ್ಣು ತಿಂದಿರ್ತಾನೆ."

ಜನವರಿಯಲ್ಲಿ ನೇರಳೆ ಹಣ್ಣು ಎಲ್ಲಿಂದ ಬರಬೇಕು? ಅವಳಿಗೆ ನಿದ್ದೆಯ ರುಚಿ ಹತ್ತಿದೆ, ಅದಕ್ಕೇ ಮಗನ ಕಡೆ ಕಣ್ಣು ಮುಚ್ಚಿಕೊಂಡಿದ್ದಾಳೆ ಎಂದು ನನಗೆ ಕೋಪ ಬಂತು. ಹಾಗೆಂದು ಮುಯ್ಯಾಳು ಸಾಕು ಎನ್ನಲೂ ಆಗದು. ನನ್ನ ಅನುಮಾನ ನಿಜವಾದರೆ ಮಗನ ಗತಿ ಏನು, ಸುಳ್ಳಾದರೆ ಅವಳ ಗತಿ ಏನು? ಮುಂದಿನ ಸಲ ತಳಕ್ಕೆ ಕೈ ಹಾಕಿಯೇ ನೋಡುವುದು ಎಂದುಕೊಂಡೆ.

ಆ ಶನಿವಾರ ನಾಲ್ಕು ಗಂಟೆಗೆ ಹೋಗಬೇಕಾದವನು ಎರಡಕ್ಕೇ ಹೋದೆ. ಕಾರನ್ನು ತಿರುವಿನಲ್ಲೇ ನಿಲ್ಲಿಸಿ, ಕಾಫಿ ಕಳ್ಳನ ಹಾಗೆ ಬೇಲಿ ಪಕ್ಕದಲ್ಲಿ ನಡೆದೆ. ಗ್ಯಾರೇಜಿನ ಹತ್ತಿರ ಬರುವಾಗಲೇ ಮಗನ ಕಿರುಚು ಕೇಳಿಸಿತು. ನನಗೆ ಆ ಕಿರುಚು ಗೊತ್ತು. ಅದು ನಿಲ್ಲಲು ಒಂದೊಂದು ಸಲ ಅರ್ಧ ದಿನ ಬೇಕು. ಹಿಂದಿನ ಕಿಟಕಿಗೆ ಹೋದೆ. ಅದಕ್ಕೆ ಗಾಜೇ ಇರಲಿಲ್ಲ, ರಟ್ಟು ಕಟ್ಟಿದ್ದರು. ರಟ್ಟಿನ ಸಂದಿಯಲ್ಲಿ ಇಣುಕಿದೆ.

ಕೋಣೆಯಲ್ಲಿ ಒಂದು ಸಾಮಾನೂ ಇರಲಿಲ್ಲ. ಗೋಡೆಗೆ ಎದೆಯೆತ್ತರದವರೆಗೆ ಹಾಸಿಗೆ ನಿಲ್ಲಿಸಿದ್ದರು. ಮಗ ಅದಕ್ಕೆ ತಲೆ ಚಚ್ಚುತ್ತಿದ್ದ. ಆಕೆ ಅವನ ಹಿಂದೆ ಕೂತು ಎರಡೂ ತೋಳಿನಲ್ಲಿ ಅವನನ್ನು ತಬ್ಬಿಕೊಂಡಿದ್ದರು. ಮುಂಗೈಯಿಂದ ಮೊಣಕೈವರೆಗೆ ಕಪ್ಪಗೆ ಏನೋ ತೊಟ್ಟಿದ್ದರು. ಅದು ಟಯರಿನ ಹಳೆಯ ಟ್ಯೂಬು. ಕತ್ತರಿಸಿ, ಸುತ್ತಿ, ದಾರದಲ್ಲಿ ಹೊಲಿದು ತೋಳಿಗೆ ಚೀಲದ ಹಾಗೆ ಮಾಡಿಕೊಂಡಿದ್ದರು. ಮಗ ಅದನ್ನು ಕಚ್ಚಿ ಎಳೆಯುತ್ತಿದ್ದ. ಗಂಡ ಬಾಗಿಲಿಗೆ ಬೆನ್ನು ಕೊಟ್ಟು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಎರಡೂ ಕಿವಿ ಮುಚ್ಚಿ ಹಿಡಿದಿದ್ದರು. ಪಕ್ಕದಲ್ಲಿ ಒಂದು ಲೋಟದಲ್ಲಿ ಜೇನು ಕದಡಿದ ಬಿಸಿನೀರು.

ನಾನು ಬಾಗಿಲು ತಟ್ಟಿದೆ. ತೆರೆದ ಗಂಡನ ಮುಖ ಬಿಳಿಚಿಕೊಂಡಿತು. ಆಕೆ ಎದ್ದೇಳಲಿಲ್ಲ, ಎದ್ದರೆ ಹುಡುಗ ಕೈಯಿಂದ ಜಾರಿ ಬರಿ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ. ಕೂತಲ್ಲಿಂದಲೇ ಹೇಳಿದರು.

"ಇವತ್ತು ಮಾತ್ರ ಅಣ್ಣ. ಇವತ್ತೊಂದಿನ ಸ್ವಲ್ಪ ಹಟ. ಯಾವಾಗ್ಲೂ ಹಿಂಗಲ್ಲ."

ಗಾಜಿಲ್ಲದ ಕಿಟಕಿ, ಷೋಕೇಸಿಲ್ಲದ ಹಾಲ್, ಹಲ್ಲಿನ ಗುರುತು ತುಂಬಿದ ಆ ಟ್ಯೂಬು, ಎಲ್ಲವೂ ನನ್ನ ಕಣ್ಣ ಮುಂದೆಯೇ ಇದ್ದವು. ಆದರೂ ಆಕೆ ಧೈರ್ಯವಾಗಿ ಸುಳ್ಳು ಹೇಳುತ್ತಿದ್ದರು. ಅವರ ಕಣ್ಣಲ್ಲಿದ್ದ ಹೆದರಿಕೆ ನನಗೆ ಚೆನ್ನಾಗಿ ಪರಿಚಯದ್ದು. ಪ್ರತಿ ಸಲ ಅವರ ಗಂಡ ನಮ್ಮ ಗೇಟಿಗೆ ಬಂದಾಗ ನಾನು ಬೀಗದ ಕೈ ಇಲ್ಲದ ಗೋದಾಮಿನ ಮುಂದೆ ನಿಂತು ನಗುತ್ತಿದ್ದದ್ದು ಅದೇ ಹೆದರಿಕೆಯಲ್ಲಿ.

"ನಿಮ್ಮ ಮಗಳು ನನ್ನ ಮೀಟರನ್ನ ಬಾವಿಗೆ ಹಾಕಿದಾಳೆ," ಎಂದೆ. "ಮೊದಲನೇ ದಿನವೇ."

ಗಂಡ ಹಣೆ ಹಣೆ ಚಚ್ಚಿಕೊಂಡರು. ಆಕೆ ಮಾತ್ರ ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

"ಕರ್ಕೊಂಡು ಹೋಗ್ಬೇಡಿ ಅಣ್ಣ," ಎಂದರು. "ಇನ್ನೂ ಹೊತ್ತಿದೆ. ನೀವೀಗ ಮನೆಗೆ ಹೋದ್ರೆ ಅಕ್ಕಂಗೆ ಎಚ್ಚರ ಆಗತ್ತೆ."

ನನ್ನ ಹೆಂಡತಿ ಆ ಹೊತ್ತಿಗೆ ಮಲಗಿರುತ್ತಾಳೆ ಎಂದು ಇವರಿಗೆ ಹೇಗೆ ಗೊತ್ತು ಎಂದು ಕೇಳಲು ಆಗ ನನಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಅನುಮಾನಪಟ್ಟು ಪಳಗಿದವನಿಗೆ, ನೋಡಿ!

ನಾನೂ ಒಳಗೆ ಕೂತೆ. ಹುಡುಗನ ಕಾಲು ಹಿಡಿದುಕೊಂಡೆ. ಬಹಳ ಹೊತ್ತಾದ ಮೇಲೆ ಅವನು ಸುಸ್ತಾಗಿ ಜೇನುನೀರು ಕುಡಿದು, ಆಕೆಯ ತೊಡೆಯ ಮೇಲೇ ನಿದ್ದೆಹೋದ. ನಾಲ್ಕು ಗಂಟೆಗೆ ಅವನನ್ನು ಎತ್ತಿಕೊಂಡು ಬಾಗಿಲು ದಾಟುವಾಗ ನನಗೆ ಆಕೆಯ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ. ವಯಸ್ಸಿನಲ್ಲಿ ಚಿಕ್ಕವರು.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಹೆಂಡತಿಗೆ ಹೇಳಿದರೆ ಅವಳು ಇನ್ನೆಂದೂ ಅವನನ್ನು ಅಲ್ಲಿಗೆ ಕಳಿಸುವುದಿಲ್ಲ. ಕಳಿಸಿದರೂ ನಿದ್ದೆ ಮಾಡುವುದಿಲ್ಲ. ಹೇಳುವುದೇ ಬೇಡ ಎಂದು ತೀರ್ಮಾನ ಮಾಡಿಕೊಂಡೇ ಮನೆಯೊಳಗೆ ಕಾಲಿಟ್ಟೆ. ಅವಳು ಆಗತಾನೆ ಎದ್ದು ಮುಖ ತೊಳೆದಿದ್ದಳು. ಮಗನನ್ನು ಮಂಚದ ಮೇಲೆ ಮಲಗಿಸಿದೆ.

"ಹೆಂಗಿದ್ದ?" ಎಂದಳು.

"ಚಿನ್ನದ ಹಂಗೆ ಇದ್ನಂತೆ."

ಅವಳು ಒದ್ದೆ ಬಟ್ಟೆ ತಂದು ಅವನ ಮುಖ ಒರೆಸಿದಳು. ತುಟಿ ಸರಿಸಿ, ಹಲ್ಲಿನ ಸಂದಿಯಿಂದ ಕಪ್ಪು ಚೂರೊಂದನ್ನು ಉಗುರಿನಲ್ಲಿ ತೆಗೆದಳು.

"ಜೀಪಿನ ಟ್ಯೂಬೇ ಹಾಕ್ಕೊಂಡಿದ್ರಾ ಅವ್ರು?" ಎಂದು ಕೇಳಿದಳು. "ಸ್ಕೂಟರಿಂದು ತೆಳ್ಳಗೆ, ಹಲ್ಲು ನಾಟತ್ತೆ, ಬೇಡ ಅಂತ ಹೇಳಿದ್ದೆ."

ನಾನು ಕಾರಿನ ಕೀ ಹಿಡಿದುಕೊಂಡು ನಿಂತೇ ಇದ್ದೆ.

"ನಿಂಗೆ ಗೊತ್ತಿತ್ತಾ?"

"ಎರಡನೇ ಸಲನೇ ಹಲ್ಲಲ್ಲಿ ರಬ್ಬರ್ ನೋಡ್ದೆ. ಫೋನ್ ಮಾಡಿ ಕೇಳ್ದೆ. ಅವ್ರು ಅತ್ರು. ನಾನೂ ಬಾವಿ ಕಥೆ ಎಲ್ಲ ಹೇಳ್ದೆ. ಆಮೇಲೆ ಇಬ್ರೂ ನಕ್ವಿ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕಳಿಸ್ತಿದ್ರಾ? ಮಾರನೇ ದಿನವೇ ನಿಲ್ಲಿಸ್ತಿದ್ರಿ." ಬಟ್ಟೆಯನ್ನು ಮಡಚಿ ಇನ್ನೊಂದು ಮಗ್ಗುಲಿನಿಂದ ಅವನ ಹಣೆ ಒರೆಸಿದಳು. "ಅವ್ನು ಅಲ್ಲಿ ಕಿರುಚ್ತಾ ಇರ್ತಾನೆ ಅಂತ ಗೊತ್ತಿತ್ತು ಕಣ್ರಿ. ಗೊತ್ತಿದ್ದೂ ಮಲಗ್ತಿದ್ದೆ. ಏನ್ ಮಾಡ್ಲಿ, ನಿದ್ದೆ ಬರ್ತಿತ್ತು."

ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಮಗನ ಬಾಯಿ ಒರೆಸುತ್ತಲೇ ಇದ್ದಳು.